ಇತಿಹಾಸದಲ್ಲೇ ಅತಿ ಚಿಕ್ಕ ಸೋಲು

ಮನುಷ್ಯ ಒಬ್ಬ ಅಳತೆ ಮೀರಿ ಉದ್ದ ಬೆಳೆದನೆಂದರೆ ಊರಿಗೆ ಅವನ ಮೇಲೆ ಒಂದು ಹಕ್ಕು ಹುಟ್ಟಿಬಿಡುತ್ತದೆ. ಅಟ್ಟದ ಮೇಲಿನ ಡಬ್ಬ ತೆಗೆದುಕೊಡು, ಫ್ಯಾನಿನ ಧೂಳು ಒರೆಸು, ಗುಂಪಿನಲ್ಲಿ ನಮ್ಮವರು ಎಲ್ಲಿದ್ದಾರೆ ನೋಡಿ ಹೇಳು. ಇವುಗಳ ಜೊತೆಗೆ ಒಂದು ಪ್ರಶ್ನೆ ಪುಕ್ಕಟೆ: "ನೀನು ಬ್ಯಾಸ್ಕೆಟ್‌ಬಾಲ್ ಆಡ್ತೀಯಾ?" ಕಂಬಣ್ಣ ಮೀಸೆ ಚಿಗುರುವ ಮೊದಲಿನಿಂದಲೂ ಈ ಪ್ರಶ್ನೆಯನ್ನು ಕೇಳಿಸಿಕೊಂಡು ಬಂದವನು. ಶಾಲೆಯಲ್ಲಿ ಒಮ್ಮೆ ಆಡಿಯೂ ನೋಡಿದ. ಚೆಂಡು ಅವನನ್ನು ತಲುಪಿದ್ದು ಒಂದೇ ಸಲ, ಅದೂ ಮೂಗಿನ ದಾರಿಯಲ್ಲಿ. ಅಲ್ಲಿಗೆ ಅವನ ಕ್ರೀಡಾಜೀವನ ಮುಗಿಯಿತು, ಕಂಬಣ್ಣ ಅನ್ನುವ ಹೆಸರು ಮಾತ್ರ ಉಳಿಯಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಇದ್ದಿರಬೇಕು, ಬಾಯಲ್ಲಿ ಯಾರೂ ಇಟ್ಟುಕೊಂಡಿರಲಿಲ್ಲ.

ಆದರೂ ಬ್ಯಾಸ್ಕೆಟ್‌ಬಾಲ್ ಅವನ ಬೆನ್ನು ಬಿಡಲಿಲ್ಲ. ರಾಷ್ಟ್ರೀಯ ತಂಡ ಅಭ್ಯಾಸ ಮಾಡುವ ಒಳಾಂಗಣದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಯೋಗ್ಯತೆ ನೋಡಿ ಕೊಟ್ಟರು ಅಂತ ಯಾರೂ ತಪ್ಪು ತಿಳಿಯಬಾರದು. ಒಳಾಂಗಣದ ಏಣಿ ಕಳೆದುಹೋಗಿತ್ತು, ಹೊಸ ಏಣಿ ಕೊಳ್ಳುವ ವಿಚಾರ ಸಮಿತಿಯಿಂದ ಸಮಿತಿಗೆ ಅಲೆಯುತ್ತಿತ್ತು, ಅಷ್ಟರಲ್ಲಿ ಇವನು ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಒಳಗೆ ಬಂದ. ಬಲ್ಬು ಬದಲಿಸುವುದು, ನೆಲ ಗುಡಿಸುವುದು, ಬುಟ್ಟಿಯ ಬಲೆ ಹರಿದರೆ ಹೊಲಿದು ಕಟ್ಟುವುದು ಅವನ ಕೆಲಸ. ಮರದ ಹಲಗೆಯ ನೆಲವನ್ನು ಅವನು ಉದ್ದ ಹಿಡಿಯ ಅಗಲ ಪೊರಕೆಯಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕನ್ನಡಿ ಮಾಡುತ್ತಿದ್ದ. ಎಡ ಮೂಲೆಯಲ್ಲಿ ಛಾವಣಿ ಸೋರುತ್ತಿತ್ತು, ಅಲ್ಲಿಗೊಂದು ಬಕೆಟ್ ಕಾಯಂ. ಅಂಕದ ಫಲಕದಲ್ಲಿ ಎದುರಾಳಿಗಳ ಕಡೆಯ ಒಂದು ದೀಪ ಸತ್ತು ಎಂಟು ಎಂಬುದು ಆರಾಗಿ ಕಾಣುತ್ತಿತ್ತು. ನಮಗೆ ಲಾಭವಾಗುವ ರೋಗವಾದ್ದರಿಂದ ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ.

ಇನ್ನು ನಮ್ಮ ರಾಷ್ಟ್ರೀಯ ಮಹಿಳಾ ತಂಡದ ವಿಚಾರ. ಎರಡು ವರ್ಷಕ್ಕೊಮ್ಮೆ ಖಂಡಮಟ್ಟದ ಪಂದ್ಯಾವಳಿಗೆ ಹೋಗುವುದು, ಸೋಲುವುದು, ಬರುವುದು. ಇದರಲ್ಲಿ ತಂಡ ಒಂದು ಸಲವೂ ತಪ್ಪಿಲ್ಲ, ಶಿಸ್ತು ಅಂದರೆ ಶಿಸ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ಅಷ್ಟಕ್ಕೇ ನಿಲ್ಲುವವರಲ್ಲ. ನೆಲ ಜಾರುತ್ತದೆ ಅಂದರು, ನೀರು ಒಗ್ಗಲಿಲ್ಲ ಅಂದರು, ರೆಫ್ರಿಯ ಸೀಟಿ ಕರ್ಕಶವಾಗಿತ್ತು ಅಂದರು, ಒಂದು ವರ್ಷವಂತೂ ಅಲ್ಲಿನ ಬುಟ್ಟಿ ಎತ್ತರದಲ್ಲಿತ್ತು ಅಂದರು. ಬುಟ್ಟಿ ಜಗತ್ತಿನಲ್ಲೆಲ್ಲ ಒಂದೇ ಎತ್ತರ ಅಂತ ಬ್ಯಾಸ್ಕೆಟ್‌ಬಾಲ್ ಸಂಘದ ಅಧ್ಯಕ್ಷರಿಗೆ ಯಾರು ಹೇಳಬೇಕು? ಅವರು ನೀರಿನ ಟ್ಯಾಂಕ್ ಮಾರುವವರು. ಟ್ಯಾಂಕಿನಲ್ಲಿ ನಾಲ್ಕಾರು ಅಳತೆ ಇರುವಾಗ ಬುಟ್ಟಿಯಲ್ಲಿ ಯಾಕಿರಬಾರದು?

ಅಂಥ ಕಾಲಕ್ಕೆ ಹೊಸ ಕೋಚ್ ಬಂದರು. ಹಿಂದೆ ಆಡಿದವರು, ಮೊಣಕಾಲು ಕೈಕೊಟ್ಟ ಮೇಲೆ ಆಡಿಸುವವರಾದವರು. ಮನುಷ್ಯ ಕೆಟ್ಟವರಲ್ಲ, ಬೆನ್ನೆಲುಬು ಮಾತ್ರ ಸ್ವಲ್ಪ ಮೆತ್ತಗೆ. ಅವರು ಹಳೆಯ ಸೋಲುಗಳನ್ನೆಲ್ಲ ಕೂತು ನೋಡಿ ಒಂದು ಸತ್ಯ ಕಂಡುಹಿಡಿದರು: ಎದುರಾಳಿ ಹೆಣ್ಣುಮಕ್ಕಳು ತಾಳೆಮರದ ಎತ್ತರ, ನಮ್ಮವರು ಎಸೆದ ಚೆಂಡೆಲ್ಲ ಅವರ ಅಂಗೈಗೆ ಬಡಿದು ವಾಪಸ್. ಅಭ್ಯಾಸಕ್ಕೆ ಅಷ್ಟೆತ್ತರದವರನ್ನು ಎಲ್ಲಿಂದ ತರುವುದು ಅಂತ ತಲೆಮೇಲೆ ಕೈಹೊತ್ತು ಕೂತಿದ್ದಾಗ ಕಂಬಣ್ಣ ಮುಂದೆಯೇ ಗುಡಿಸಿಕೊಂಡು ಹಾದುಹೋದ.

"ಕಂಬಣ್ಣ, ಆ ಪೊರಕೆ ಒಂಚೂರು ಮೇಲಕ್ಕೆತ್ತು ನೋಡೋಣ."

ಎತ್ತಿದ. ಕೋಚ್ ಕಣ್ಣು ಅರಳಿತು. ಅವತ್ತಿನಿಂದ ಕಂಬಣ್ಣ ವಿದೇಶವಾದ. ಸೋಮವಾರ ಒಂದು ದೇಶ, ಮಂಗಳವಾರ ಇನ್ನೊಂದು. ಬುಟ್ಟಿಯ ಮುಂದೆ ಪೊರಕೆ ಎತ್ತಿಕೊಂಡು ನಿಲ್ಲುವುದು, ಹುಡುಗಿಯರು ಎಸೆದ ಚೆಂಡನ್ನು ತಡೆಯುವುದು. ಕೋಚ್ ಟೇಪು ಹಿಡಿದು ಅಳೆದು ಪಕ್ಕದ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಸಿದರು. ಎದುರಾಳಿಯ ಕೈ ಎಲ್ಲಿಯವರೆಗೆ ಏಳುತ್ತದೋ ಅಲ್ಲಿಗೆ ಆ ಗೆರೆ, ಪೊರಕೆ ಅಲ್ಲಿಗೆ ಮುಟ್ಟಬೇಕು. ಮೊದಲ ವಾರ ಧೂಳಿಗೆ ಹುಡುಗಿಯರೆಲ್ಲ ಸೀನಿದರು. ಆಮೇಲೆ ಕಂಬಣ್ಣ ಪೊರಕೆಯ ತಲೆಯನ್ನು ದಿನಾ ಸಂಜೆ ಸೋಪು ಹಾಕಿ ತೊಳೆದು, ಗ್ಯಾಲರಿಯ ಕಂಬಿಗೆ ಒಣಹಾಕಿ ಮನೆಗೆ ಹೋಗತೊಡಗಿದ. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯೇ ಆಗಿತ್ತು. ಚೆಂಡು ಹಿಡಿಯಲು ಬಾರದವನಿಗೆ ಬರೀ ತಡೆದರೆ ಸಾಕು ಎನ್ನುವ ಕೆಲಸ ಸಿಕ್ಕಿದರೆ ಇನ್ನೇನು ಬೇಕು?

ಕೆಂಪು ಗೆರೆಯ ಎತ್ತರಕ್ಕೆ ಪೊರಕೆ ಏರಿದಾಗ ನಮ್ಮ ತಂಡದವರ ಒಂದು ಚೆಂಡೂ ಬುಟ್ಟಿಗೆ ಬೀಳಲಿಲ್ಲ. ಕೋಚ್, ಅಭ್ಯಾಸ ಅಂದರೆ ಹೀಗೇ ಇರಬೇಕು ಅಂತ ಗೋಣಾಡಿಸಿದರು. ಆ ಗೋಣು ಸರಿಯಾಗಿ ಅಧ್ಯಕ್ಷರು ನೋಡಲು ಬರುವ ತನಕ ಆಡಿತು. ತಂಡದ ನಾಯಕಿ ಅಧ್ಯಕ್ಷರ ತಂಗಿಯ ಮಗಳು. ಸೋದರಮಾವನ ಎದುರಿಗೆ ಅವಳ ಚೆಂಡು ಪೊರಕೆಗೆ ಬಡಿದು ಬಡಿದು ವಾಪಸು ಬರುವುದು ಚೆನ್ನಾಗಿರುತ್ತದೆಯೇ?

"ಕಂಬಣ್ಣ, ಇವತ್ತೊಂದಿನ ಒಂದು ಗೇಣು ಇಳಿಸಪ್ಪ," ಅಂದರು ಕೋಚ್ ಕಿವಿಯಲ್ಲಿ. "ಹುಡುಗೀರಿಗೆ ಆತ್ಮವಿಶ್ವಾಸ ಬರಲಿ."

ಆತ್ಮವಿಶ್ವಾಸ ಬಂತು. ಬಂದದ್ದು ಹೋಗಬಾರದಲ್ಲ, ಮರುದಿನವೂ ಒಂದು ಗೇಣು ಕೆಳಗೇ ಇತ್ತು. ಪತ್ರಿಕೆಯವರು ಬರುವ ದಿನ ಇನ್ನೊಂದು ಗೇಣು. ಅಷ್ಟರಲ್ಲಿ ಒಳಾಂಗಣಕ್ಕೆ ಸುಣ್ಣಬಣ್ಣ ಆಯಿತು, ಕೆಂಪು ಗೆರೆ ಬಿಳಿಬಣ್ಣದೊಳಗೆ ಮುಳುಗಿತು. ಪೇಂಟರ್, "ಗೆರೆ ಎಲ್ಲಿತ್ತು ಸಾರ್?" ಅಂತ ಕೇಳಿದ. ಕೋಚ್ ಒಂದು ಗಳಿಗೆ ಮೇಲೆ ನೋಡಿದರು, ಒಂದು ಗಳಿಗೆ ಕೆಳಗೆ ನೋಡಿದರು, ಆಮೇಲೆ ತಮ್ಮ ಕೈ ಸಲೀಸಾಗಿ ಎಟುಕುವ ಕಡೆ ಬೆರಳಿಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗೆರೆಗೆ ಸರಿಯಾಗಿ ಪೊರಕೆ, ಪೊರಕೆಗೆ ಸರಿಯಾಗಿ ಆಟ. ಚೆಂಡುಗಳು ಕಾಳು ಸುರಿದ ಹಾಗೆ ಬುಟ್ಟಿಗೆ ಬೀಳತೊಡಗಿದವು. "ಈ ಬಾರಿ ನಮ್ಮ ಹುಡುಗಿಯರು ಸರ್ವಸನ್ನದ್ಧ" ಅಂತ ಪತ್ರಿಕೆಗಳು ಬರೆದವು. ಒಂದು ವಿಚಾರ ಮಾತ್ರ ಯಾರಿಗೂ ಹೊಳೆಯಲಿಲ್ಲ, ಹೊಳೆದವರು ಹೇಳಲಿಲ್ಲ: ಗೆರೆ ಇಳಿದಿದ್ದು ನಮ್ಮ ಕಂಬದ ಮೇಲೆ, ಎದುರಾಳಿಗಳು ಅಲ್ಲಿ ಅಷ್ಟೇ ಉದ್ದ ಇದ್ದರು.

ಕಂಬಣ್ಣನೂ ಬಾಯಿಬಿಡಲಿಲ್ಲ. ಅವನಿಗೆ ಅದರ ಗೊಡವೆಯೇ ಇರಲಿಲ್ಲ. ಎತ್ತು ಅಂದರೆ ಎತ್ತುವುದು, ಇಳಿಸು ಅಂದರೆ ಇಳಿಸುವುದು, ತೊಳೆದು ಒಣಹಾಕುವುದು. ಅವನ ಗಮನವೆಲ್ಲ ಬೇರೆ ಕಡೆ ಇತ್ತು, ಮಗಳ ಕಡೆ.

ಮಗಳು ಗುಬ್ಬಿ. ಉದ್ದದಲ್ಲಿ ಅಮ್ಮನನ್ನು ಹೋತವಳು, ಅಂದರೆ ಕಂಬಣ್ಣನ ಮೊಣಕೈಗೆ ಬರುತ್ತಿದ್ದಳು. ಅಮ್ಮನಿಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಸಂಜೆ ಪಾಳಿಯ ಕೆಲಸ, ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವುದು. ಹಾಗಾಗಿ ದಿನಾ ಶಾಲೆ ಬಿಟ್ಟ ಮೇಲೆ ಮಗಳು ಅಪ್ಪನ ಜೊತೆ ಒಳಾಂಗಣದಲ್ಲೇ ಬೆಳೆದಳು. ಅವನು ನೆಲ ಗುಡಿಸಿಕೊಂಡು ಹೋದ ಹಾಗೆ ಅವಳು ಹಿಂದೆಯೇ ಚೆಂಡು ಪುಟಿಸಿಕೊಂಡು ಬರುವುದು. ಚೆಂಡು ಅವಳ ಕೈಗೆ ಅಂಟಿಕೊಂಡೇ ಹುಟ್ಟಿದ ಹಾಗಿತ್ತು. ಶಾಲೆಗೆ ಆಡಿದಳು, ಜಿಲ್ಲೆಗೆ ಆಡಿದಳು, ಕೊನೆಗೆ ಯಾರ ಕೈಕಾಲೂ ಹಿಡಿಯದೆ ರಾಷ್ಟ್ರೀಯ ಶಿಬಿರಕ್ಕೇ ಬಂದು ನಿಂತಳು. ಶಿಬಿರದಲ್ಲಿ ಮೂವತ್ತು ಹುಡುಗಿಯರು, ವಿಮಾನ ಹತ್ತುವವರು ಹನ್ನೆರಡು, ಮೊದಲಿಗೆ ಅಂಗಳಕ್ಕಿಳಿಯುವವರು ಐದು. ಆ ಐದರಲ್ಲಿ ತಾನು ಇರಬೇಕು ಅನ್ನುವುದು ಅವಳ ಹಟ. ಎದುರಾಳಿಯ ಮಧ್ಯೆ ನುಸುಳಿ ಚೆಂಡು ಹಂಚುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ ಅಂತ ಕೋಚೇ ಹೇಳಿದ್ದರು.

ಶಿಬಿರ ಶುರುವಾದ ದಿನ ಕಂಬಣ್ಣ ಚಹಾ ಕುಡಿಯಲು ಸ್ಟೋರ್‌ಕೀಪರ್ ಹತ್ತಿರ ಹೋದ. ಸ್ಟೋರ್‌ಕೀಪರ್‌ಗೆ ಕೆಲಸ ಕಡಿಮೆ, ನಾಲಿಗೆ ಉದ್ದ.

"ಬಿಡಪ್ಪ, ಇನ್ನೇನು ನಿಂದೇ ರಾಜ್ಯ," ಅಂದ ಅವನು ಬಿಸ್ಕತ್ತು ಅದ್ದುತ್ತಾ. "ಬೇರೆಯವರಿಗೇ ಎರಡು ಗೇಣು ಇಳಿಸೋನು, ಸ್ವಂತ ಮಗಳು ಬಂದ್ರೆ ಪೊರಕೆ ನೆಲಕ್ಕೇ ಇಳಿಸ್ತೀಯ."

ಅವನು ನಕ್ಕ, ಪಕ್ಕದಲ್ಲಿದ್ದ ವಾಚ್‌ಮನ್ನೂ ನಕ್ಕ, ಬಿಸ್ಕತ್ತು ಚಹಾದಲ್ಲಿ ಮುಳುಗಿತು. ಇಬ್ಬರೂ ಅದನ್ನು ಅಲ್ಲೇ ಮರೆತರು. ಮರೆಯದವನು ಒಬ್ಬನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ನಮ್ಮ ಕಂಬಣ್ಣ ಕುಂಬಳಕಾಯಿ ಕದಿಯುವ ಮೊದಲೇ ಹೆಗಲು ತೊಳೆದುಕೊಂಡವನು.

ಮಧ್ಯಾಹ್ನ ಸಾಲಾಗಿ ಹುಡುಗಿಯರು ಬಂದರು. ನಾಯಕಿ ಎಸೆದಳು, ಪೊರಕೆ ಹೊಸ ಗೆರೆಯಲ್ಲಿತ್ತು, ಚೆಂಡು ಬುಟ್ಟಿಗೆ. ಇನ್ನೊಬ್ಬಳು ಎಸೆದಳು, ಬುಟ್ಟಿಗೆ. ಗುಬ್ಬಿಯ ಸರದಿ. ಕಂಬಣ್ಣ ಕಣ್ಣಿನ ಅಂಚಿನಿಂದ ಸ್ಟೋರಿನ ಬಾಗಿಲು ನೋಡಿದ, ಪೊರಕೆಯನ್ನು ಹಳೆಯ ಗೆರೆ ಇದ್ದ ಕಡೆಗೆ ಎತ್ತಿದ, ಸಾಲದು ಅಂತ ತುದಿಗಾಲ ಮೇಲೆ ನಿಂತ. ಚೆಂಡು ಪೊರಕೆಗೆ ಬಡಿದು ಬಕೆಟ್ಟಿನ ಹತ್ತಿರ ಹೋಗಿ ಬಿತ್ತು. ಗುಬ್ಬಿ ಅದನ್ನು ಎತ್ತಿಕೊಂಡು ಬಂದು ಅಪ್ಪನ ಮುಖ ನೋಡಿದಳು. ಅಪ್ಪ ಛಾವಣಿ ನೋಡುತ್ತಿದ್ದ.

ಮೊದಲ ದಿನ ಕೈತಪ್ಪು ಅಂದುಕೊಂಡಳು. ಎರಡನೆಯ ದಿನ ಹಾಗಂದುಕೊಳ್ಳಲು ಪ್ರಯತ್ನಪಟ್ಟಳು. ಮೂರನೆಯ ದಿನ, ಅಮ್ಮ ಪಾಳಿ ಮುಗಿಸಿ ಬಂದ ಮೇಲೆ, ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿಯೇಬಿಟ್ಟಳು.

"ಅಪ್ಪ, ನನ್ನ ಸರದಿ ಬಂದಾಗ ಮಾತ್ರ ಯಾಕೆ ಅಷ್ಟು ಮೇಲೆತ್ತೀಯ?"

"ಆಟ ಅಂದ್ಮೇಲೆ ಕಷ್ಟ ಇರ್ಬೇಕಮ್ಮ."

"ಉಳಿದವರೂ ಅದೇ ಆಟ ತಾನೇ ಆಡ್ತಿರೋದು?"

ಕಂಬಣ್ಣ ತುತ್ತು ನುಂಗಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ನಾನು ನಿನಗೆ ಇಳಿಸಿ ಹಿಡಿದ್ರೆ ಜನ ಏನಂತಾರೆ? ಅಪ್ಪ ಇದ್ದಾನೆ ಅಂತ ಒಳಗೆ ಬಂದ್ಲು ಅಂತಾರೆ. ನಾಳೆ ನಾನು ಅಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನಿನ್ನ ತಲೆ ಈಗಾಗ್ಲೇ ಬಾಗಿಲಿಗೆ ತಾಗತ್ತೆ," ಅಂದಳು ಹೆಂಡತಿ, ಒಲೆಯ ಹತ್ತಿರದಿಂದಲೇ. "ಇನ್ನೂ ಎಷ್ಟು ಮೇಲೆತ್ಬೇಕು? ಊರಿನವರ ಬಾಯಿಗೆ ಬೀಗ ಹಾಕೋಕೆ ಹೋಗಿ ಮಗಳ ಕೈ ಕಟ್ತಿದ್ದೀಯ. ನಾಯಕಿ ಚೆಂಡು ಹಾಕ್ದಾಗ ಯಾರಾದ್ರೂ ಏನಾದ್ರೂ ಅಂದ್ರಾ?"

ಹೆಂಡತಿಯ ಮಾತು ಸರಿ ಅಂತ ಕಂಬಣ್ಣನಿಗೂ ಗೊತ್ತಿತ್ತು. ಆದರೂ ಅವನು ಕೈತೊಳೆದುಕೊಂಡು ಎದ್ದ. ಇಷ್ಟು ಉದ್ದದ ಮನುಷ್ಯನೊಳಗೆ ಇಷ್ಟು ಗಿಡ್ಡ ಧೈರ್ಯ ಹೇಗೆ ಇತ್ತೋ ನಾನು ಕಾಣೆ.

ಆಯ್ಕೆಯ ದಿನ ಬಂತು. ಗ್ಯಾಲರಿಯಲ್ಲಿ ಅಧ್ಯಕ್ಷರು, ಸಮಿತಿಯವರು, ಅವರ ಹಿಂದೆ ಬಿಸ್ಕತ್ತಿನ ತಟ್ಟೆ ಹಿಡಿದ ಸ್ಟೋರ್‌ಕೀಪರ್. ಕೋಚ್ ಕಂಬಣ್ಣನ ಹತ್ತಿರ ಬಂದು ಮೆಲ್ಲಗೆ, "ಇವತ್ತು ಎಲ್ಲರಿಗೂ ಒಂದೇ ಎತ್ತರ ಹಿಡಿಯಪ್ಪ, ನಿನ್ನ ಮಗಳು ನನಗೆ ತಂಡಕ್ಕೆ ಬೇಕು," ಅಂದರು. ಕಂಬಣ್ಣ ಹೂಂ ಅಂದ. ಮನಸ್ಸಿನಲ್ಲೂ ಹೂಂ ಅಂದುಕೊಂಡಿದ್ದ. ಮಗಳ ಸರದಿ ಬಂದಾಗ ಸ್ಟೋರ್‌ಕೀಪರ್ ಪಕ್ಕದವರ ಕಿವಿಯಲ್ಲಿ ಏನೋ ಉಸುರಿದ್ದು ಕಂಡಿತು. ಚಹಾಕ್ಕೆ ಸಕ್ಕರೆ ಸಾಕಾ ಅಂತ ಕೇಳಿದನಂತೆ, ಆಮೇಲೆ ಗೊತ್ತಾಯಿತು. ಕಂಬಣ್ಣನ ಕೈ ತಾನಾಗಿಯೇ ಮೇಲೆದ್ದಿತು.

ಗುಬ್ಬಿ ಎಸೆದ ಚೆಂಡು ವಾಪಸು ಬಂತು. ಮತ್ತೆ ಎಸೆದಳು, ಮತ್ತೆ ವಾಪಸು. ಆಮೇಲೆ ಅವಳಿಗೆ ಕಣ್ಣಲ್ಲಿ ನೀರು ತುಂಬಿ ಅಪ್ಪನೂ ಕಾಣಲಿಲ್ಲ, ಬುಟ್ಟಿಯೂ ಕಾಣಲಿಲ್ಲವಂತೆ. ಸಿಟ್ಟಿಗೆ ಚೆಂಡನ್ನು ಛಾವಣಿಯ ದೀಪಕ್ಕೇ ಗುರಿಯಿಟ್ಟಂತೆ ನೆಟ್ಟಗೆ ಮೇಲಕ್ಕೆ ಎಸೆದಳು. ಅದು ಪೊರಕೆಯ ಮೇಲಿಂದ ಹಾದು ಬುಟ್ಟಿಯ ಹಿಂದೆ ಬಿತ್ತು. ಸಮಿತಿಯವರು ನಕ್ಕರು. ಅವಳು ಆಮೇಲೆಲ್ಲ ಹಾಗೆಯೇ ಎಸೆದಳು. ಒಂದೆರಡು ಬುಟ್ಟಿಗೆ ಬಿದ್ದವು ಕೂಡ, ಲೆಕ್ಕಕ್ಕೆ ಸಾಲಲಿಲ್ಲ. ಐವರ ಮಾತು ಹಾಗಿರಲಿ, ಹನ್ನೆರಡರಲ್ಲೂ ಅವಳ ಹೆಸರು ಬರಲಿಲ್ಲ. ಹೊರಡುವ ಹಿಂದಿನ ವಾರ ಒಬ್ಬಳು ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡಳು, ಆ ಉಳುಕಿದ ಕಾಲಿನ ಪುಣ್ಯದಿಂದ ಗುಬ್ಬಿ ಹನ್ನೆರಡನೆಯವಳಾಗಿ ವಿಮಾನ ಹತ್ತಿದಳು. ಅಮ್ಮನನ್ನು ತಬ್ಬಿಕೊಂಡಳು. ಅಪ್ಪನಿಗೆ "ಬರ್ತೀನಿ" ಅನ್ನುವುದನ್ನೂ ಅಮ್ಮನಿಗೇ ಹೇಳಿ ಹೋದಳು. ಕಂಬಣ್ಣ ಅವತ್ತು ಒಳಾಂಗಣವನ್ನು ಮೂರು ಸಲ ಗುಡಿಸಿದ.

ಪಂದ್ಯಗಳು ಟಿವಿಯಲ್ಲಿ ಬಂದವು. ಗಂಡ ಹೆಂಡತಿ ಮಂಚದ ಮೇಲೆ ಕೂತು ನೋಡಿದರು. ಮೊದಲ ಪಂದ್ಯದಲ್ಲಿ ನಾಯಕಿ ಚೆಂಡು ಎಸೆದಳು. ಎದುರಾಳಿಯ ಹುಡುಗಿಯೊಬ್ಬಳು ನೊಣ ಓಡಿಸುವವಳಂತೆ ಕೈಯಾಡಿಸಿದಳು, ಚೆಂಡು ಹೋಗಿ ಪ್ರೇಕ್ಷಕರ ಮಡಿಲಲ್ಲಿ ಕೂತಿತು. "ಅತ್ಯುತ್ತಮ ಪ್ರಯತ್ನ!" ಅಂದ ವೀಕ್ಷಕ ವಿವರಣೆಗಾರ. ಅವನಿಗೆ ಆ ದಿನವಿಡೀ ಬೇರೆ ಮಾತು ಬೇಕಾಗಲಿಲ್ಲ. ನಮ್ಮವರು ಎರಡು ಗೇಣು ಕೆಳಗಿನ ಜಗತ್ತಿಗೆ ಚೆನ್ನಾಗಿ ತಯಾರಾಗಿದ್ದರು, ಆ ಜಗತ್ತು ಅಲ್ಲಿರಲಿಲ್ಲ ಅಷ್ಟೇ. ಒಂದು ಪಂದ್ಯ ಎಪ್ಪತ್ತೊಂದು ಅಂಕದಿಂದ ಹೋಯಿತು, ಇನ್ನೊಂದು ಅರವತ್ತೆಂಟರಿಂದ. ಅಧ್ಯಕ್ಷರು ಅಲ್ಲಿಂದಲೇ ಹೇಳಿಕೆ ಕೊಟ್ಟರು: ಅಲ್ಲಿನ ಏರ್‌ಕಂಡೀಷನ್ ಬಹಳ ತಣ್ಣಗಿದೆ.

ಗುಬ್ಬಿ ಬೆಂಚಿನ ತುದಿಯಲ್ಲಿ ಟವೆಲ್ಲು ಹಿಡಿದು ಕೂತಿರುತ್ತಿದ್ದಳು. ಕ್ಯಾಮೆರಾ ಆ ಕಡೆ ಹೋದಾಗಲೆಲ್ಲ ಹೆಂಡತಿ ಗಂಡನ ಕಡೆ ನೋಡುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕೊನೆಯ ಪಂದ್ಯದಲ್ಲಿ, ಕೊನೆಯ ಕಾಲುಭಾಗ ಬರುವ ಹೊತ್ತಿಗೆ ಅಂತರ ಅರವತ್ತಾಗಿತ್ತು. ನಾಯಕಿಗೆ ಹೊಟ್ಟೆನೋವು ಬಂತು. ಅಂಥ ಅಂತರಕ್ಕೆ ಯಾರಿಗಾದರೂ ಬರುವಂಥದ್ದೇ. ಕೋಚ್ ಬೆಂಚಿನ ಕಡೆ ತಿರುಗಿ ಕೈಯಾಡಿಸಿದರು, ಯಾರು ಹೋದರೂ ಒಂದೇ ಅನ್ನುವ ಹಾಗೆ. ಗುಬ್ಬಿ ಟವೆಲ್ಲು ಕೆಳಗಿಟ್ಟು ಎದ್ದಳು.

ಅವಳ ಮುಂದೆ ನಿಂತ ಹುಡುಗಿ ಎರಡು ಕೈ ಮೇಲೆತ್ತಿದಳು. ಕಂಬಣ್ಣ ಮಂಚದಿಂದ ಅರ್ಧ ಎದ್ದ. ಗುಬ್ಬಿ ಚೆಂಡನ್ನು ಅಂದಿನಂತೆಯೇ ನೆಟ್ಟಗೆ, ಆಕಾಶಕ್ಕೆ ಕಲ್ಲು ಹೊಡೆಯುವವಳ ಹಾಗೆ ಎಸೆದಳು. ಅದು ಟಿವಿಯ ಚೌಕಟ್ಟಿನಿಂದಲೇ ಹೊರಗೆ ಹೋಯಿತು. ಆಮೇಲೆ ಬಂತು, ಬುಟ್ಟಿಗೆ. ಇನ್ನೊಂದು. ಇನ್ನೊಂದು. ಎದುರಾಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂದ್ಯ ಮುಗಿದಾಗ ಅಂತರ ನಲವತ್ತೊಂಬತ್ತು. "ಐತಿಹಾಸಿಕ!" ಅಂತ ವಿವರಣೆಗಾರ ಗಂಟಲು ಹರಿದುಕೊಂಡ. ಖಂಡಮಟ್ಟದಲ್ಲಿ ನಮ್ಮ ತಂಡ ಐವತ್ತರೊಳಗೆ ಸೋತದ್ದು ಅದೇ ಮೊದಲು.

ಗೆದ್ದ ದೇಶದವರು ಅಷ್ಟು ಸಂಭ್ರಮಪಟ್ಟರೋ ಇಲ್ಲವೋ, ನಾವು ಪಟ್ಟೆವು. ವಿಮಾನ ನಿಲ್ದಾಣಕ್ಕೆ ಬ್ಯಾಂಡಿನವರು ಹೋದರು. ಅಧ್ಯಕ್ಷರು ಮೈಕು ಸಿಕ್ಕ ಕಡೆಯೆಲ್ಲ, "ಇದು ನಮ್ಮ ಇತಿಹಾಸದಲ್ಲೇ ಅತಿ ಚಿಕ್ಕ ಸೋಲು. ಇದೇ ವೇಗದಲ್ಲಿ ಹೋದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಸಮ ಮಾಡ್ಕೊತೀವಿ," ಅಂದರು. ಸೋಲಿನಲ್ಲಿ ದೊಡ್ಡದು ಚಿಕ್ಕದು ಅಂತ ವಿಂಗಡಿಸುವುದು ಟ್ಯಾಂಕ್ ವ್ಯಾಪಾರದವರಿಗೆ ಕಷ್ಟವೇನಲ್ಲ.

ನಿಲ್ದಾಣದಲ್ಲಿ ಒಬ್ಬ ವರದಿಗಾರ ಗುಬ್ಬಿಯನ್ನು ಹಿಡಿದು ನಿಲ್ಲಿಸಿ, ಹಾಗೆ ಎಸೆಯುವುದನ್ನು ಎಲ್ಲಿ ಕಲಿತಿರಿ ಅಂತ ಕೇಳಿದ. ನಿದ್ದೆಗೆಟ್ಟ ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದಳು: "ಉಳಿದವರಿಗೆಲ್ಲ ಪೊರಕೆ ಕೆಳಗೆ ಇರ್ತಿತ್ತು. ನಮ್ಮಪ್ಪ ನನಗೆ ಮಾತ್ರ ಮೇಲೆತ್ತಿ ಹಿಡೀತಿದ್ದ." ಅವಳು ಹೇಳಿದ್ದು ದೂರು. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದದ್ದು ಸ್ತುತಿ. ಮಗಳ ಕಣ್ಣೀರಿಗೂ ಕರಗದ ತಂದೆ, ಮೌನ ತಪಸ್ವಿ, ಪೊರಕೆ ಹಿಡಿದ ಗುರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಗಿತ್ತು, ನಮ್ಮವರು ಕಾಗೆಗೆ ಮರಕಡಿಯುವ ವಿದ್ಯೆಯ ಪದವಿ ಕೊಟ್ಟರು. ಕೋಚ್, ಇದು ನಮ್ಮಿಬ್ಬರ ಗುಟ್ಟಿನ ಯೋಜನೆ ಅಂದರು. ಅಧ್ಯಕ್ಷರು, ಯೋಜನೆ ಸಂಘದ್ದು ಅಂದರು. ಸ್ಟೋರ್‌ಕೀಪರ್ ಎದೆ ಮುಂದೆ ಮಾಡಿ, "ಮೊದಲು ಅವನ ತಲೆಗೆ ಹಾಕ್ದೋನು ನಾನು," ಅಂದ. ಎಲ್ಲರ ಮಾತಿನಲ್ಲಿ ಅದೊಂದೇ ನಿಜ.

ಸನ್ಮಾನ ಒಳಾಂಗಣದಲ್ಲೇ ಇತ್ತು. ತನ್ನ ಸನ್ಮಾನಕ್ಕೆ ನೆಲವನ್ನು ತಾನೇ ಗುಡಿಸಿ, ಕುರ್ಚಿ ತಾನೇ ಹಾಕಿ, ಕಂಬಣ್ಣ ಅಂಗಿ ಬದಲಿಸಿಕೊಂಡು ಬಂದು ವೇದಿಕೆ ಹತ್ತಿದ. ಹಿಡಿದರೆ ಕೈ ಜಗ್ಗುವಂಥ ಹಿತ್ತಾಳೆಯ ಫಲಕ ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನ ಜೀವಮಾನದಲ್ಲಿ ಜನ ಅವನನ್ನು ಕತ್ತೆತ್ತಿ ನೋಡಿದ್ದು ಬಹಳ ಸಲ ಇತ್ತು, ಹೀಗೆ ನೋಡಿದ್ದು ಇದೇ ಮೊದಲು. ಥ್ಯಾಂಕ್ಸ್ ಅಂದು ಇಳಿದುಬಿಡೋಣ ಅಂತಿದ್ದ. ಅಧ್ಯಕ್ಷರು ಬಿಡಲಿಲ್ಲ.

"ಹೇಳಿ, ಹೆತ್ತ ಮಗಳು ಎದುರಿಗೆ ಅಳ್ತಾ ಇದ್ರೂ ನಿಮ್ಮ ಕೈ ಹೇಗೆ ಇಳೀಲಿಲ್ಲ?"

ಮೈಕು ಬಾಯಿಯ ಹತ್ತಿರವೇ ಇತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಮಗಳು. ಕಂಬಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡ. "ಮಗಳ ಒಳ್ಳೇದಕ್ಕೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ ಸಾರ್," ಅಂದ.

ಚಪ್ಪಾಳೆ ಛಾವಣಿ ಮುಟ್ಟಿತು. ಯಾರೋ ಮುದುಕಿ ಕಣ್ಣೊರೆಸಿಕೊಂಡಳು. ಹೆಂಡತಿ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ಗುಬ್ಬಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಮುಗಿದ ಮೇಲೆ ಮೂವರೂ ಬಸ್ ಸ್ಟಾಪಿನಲ್ಲಿ ನಿಂತರು. ಸನ್ಮಾನಿತರನ್ನು ಮನೆಗೆ ಬಿಡಲು ಕಾರು ಅಂತ ಇತ್ತು, ಅದರಲ್ಲಿ ನಾಯಕಿಯ ಸೂಟ್‌ಕೇಸುಗಳು ಹೋದವು. ಹೆಂಡತಿ ಬಸ್ಸಿನ ದಾರಿ ನೋಡುತ್ತಾ ನಾಲ್ಕು ಹೆಜ್ಜೆ ಮುಂದೆ ನಿಂತಳು. ಬೇಕೆಂದೇ ನಿಂತಳೋ ಏನೋ. ಗುಬ್ಬಿ ಅಪ್ಪನ ಕಡೆ ತಿರುಗಿದಳು. ಆಯ್ಕೆಯ ದಿನದಿಂದ ನೇರವಾಗಿ ಅವನ ಜೊತೆ ಆಡಿದ ಮೊದಲ ಮಾತು ಅದು.

"ಅಪ್ಪ, ಅಲ್ಲಿ ಹೇಳಿದ್ಯಲ್ಲ, ನನ್ನ ಒಳ್ಳೇದಕ್ಕೆ ಅಂತ. ಅದನ್ನ ನಾನೂ ನಂಬ್ಲಾ? ನೀನು ಹೂಂ ಅಂದ್ರೆ ನಂಬಿಬಿಡ್ತೀನಿ. ಇನ್ಯಾವತ್ತೂ ಕೇಳಲ್ಲ."

ಅವಳು ಅಣಕಿಸಲು ಕೇಳಲಿಲ್ಲ. ನಂಬಲು ನಿಜವಾಗಿಯೂ ಸಿದ್ಧಳಾಗಿದ್ದಳು, ಅದು ಅವಳ ಮುಖದಲ್ಲೇ ಇತ್ತು. ಒಂದು ಹೂಂ ಸಾಕಿತ್ತು. ಇಡೀ ದೇಶ ಆ ಹೂಂ ಅಂದಾಗಿತ್ತು, ಪತ್ರಿಕೆ ಅಚ್ಚು ಹಾಕಿಯಾಗಿತ್ತು, ಹಿತ್ತಾಳೆಯಲ್ಲಿ ಕೆತ್ತಿಸಿಯಾಗಿತ್ತು. ಕಂಬಣ್ಣ ಫಲಕವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಬೇಡಮ್ಮ," ಅಂದ. "ನಂಬಬೇಡ."

ಗುಬ್ಬಿ ಕತ್ತೆತ್ತಿ ಅವನ ಮುಖ ನೋಡಿದಳು.

"ಸ್ಟೋರಿನವನು ಒಂದು ಮಾತಂದಿದ್ದ. ಅದಕ್ಕೆ ಹೆದರಿದೆ. ಆಮೇಲೆ ಸಮಿತಿಯವರಿಗೆ ಹೆದರಿದೆ. ಇವತ್ತು ಮೈಕಿಗೂ ಹೆದರಿದೆ. ಎಲ್ಲರಿಗೂ ಹೆದರಿದೆ ಕಣಮ್ಮ. ನಿನಗೊಬ್ಬಳಿಗೆ ಹೆದರಲಿಲ್ಲ. ನೀನು ನಮ್ಮವಳು, ಏನಾದ್ರೂ ಸಹಿಸ್ಕೊತೀಯ ಅಂದ್ಕೊಂಡೆ. ಅದಕ್ಕೇ ಹೊಡೆತ ನಿನಗೇ ಬಿತ್ತು."

ಗುಬ್ಬಿ ಮುಖ ಆ ಕಡೆ ತಿರುಗಿಸಿ ಅಂಗಿಯ ತೋಳಿನಿಂದ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡಳು. ಅಷ್ಟರಲ್ಲಿ ಅಮ್ಮ, "ಬಸ್ ಬಂತು, ಬನ್ನಿ ಬನ್ನಿ," ಅಂತ ಕೂಗಿ ಮೊದಲು ಹತ್ತಿದಳು. ಗುಬ್ಬಿ ಅವಳ ಹಿಂದೆ ಹತ್ತಿದಳು. ಕಂಬಣ್ಣ ಎಲ್ಲರನ್ನೂ ಮುಂದೆ ಬಿಟ್ಟು, ತಲೆ ತಗ್ಗಿಸಿಕೊಂಡು ಕಡೆಯವನಾಗಿ ಹತ್ತಿದ. ಒಳಗೆ ಜನ ಕಿಕ್ಕಿರಿದಿದ್ದರು. ಗುಬ್ಬಿ ಕಿಟಕಿಯ ಪಕ್ಕ ಮೈ ಮುದುಡಿಕೊಂಡು ಕೂತಿದ್ದಳು. ಅಪ್ಪನ ಮೊಣಕಾಲು ಹಿಡಿಸುವುದು ನಡುವಿನ ಓಡಾಟದ ದಾರಿಯ ಕಡೆಯ ಸೀಟಿನಲ್ಲಿ ಮಾತ್ರ. ಅವಳು ಆ ಸೀಟಿನ ಮೇಲೆ ಕೈ ಊರಿ, ಕೂರಲು ಬಂದವರಿಗೆಲ್ಲ, "ಇಲ್ಲಿ ನಮ್ಮಪ್ಪ ಬರ್ತಾರೆ," ಅನ್ನುತ್ತಿದ್ದಳು.